ಫುಟ್‌ಪಾತ್‌ಗೆ ಪಾಲಿಕೆ ಬಜೆಟ್‌ನಲ್ಲಿ ಬೇರೆ ಲೆಕ್ಕ ಶೀರ್ಷಿಕೆ ಕೇಳೋಣ: ಸಲಹೆ, ತಕರಾರು ಎರಡೂ ಬರಲಿ

ಗಿರಿನಗರ_ನಡಿಗೆ:

ಎಲ್ಲರಿಗೂ ನಮಸ್ಕಾರ. ಪಾಲಿಕೆ ಬಜೆಟ್‌ಗೆ ನಾಗರಿಕರ ಸಲಹೆ ಕಳಿಸುವ ಸಮಯ ಹತ್ತಿರ ಬರುತ್ತಿದೆ. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ, ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ನಗರ ಪಾಲಿಕೆಗಳು ಬಂದಿವೆ. ಲೆಕ್ಕದ ಪುಸ್ತಕವೇ ಹೊಸದಾಗಿ ಶುರುವಾಗುತ್ತಿದೆ. ಈಗಲೇ ನಮ್ಮ ಮಾತು ಅದರಲ್ಲಿ ಸೇರಬೇಕು ಅನ್ನೋದು ನನ್ನ ಆಸೆ.

ಇಷ್ಟು ವರ್ಷ ನಮ್ಮ ಬೇಡಿಕೆ ಒಂದೇ ಇತ್ತು: ನಮ್ಮ ರಸ್ತೆಯ ಫುಟ್‌ಪಾತ್ ಸರಿ ಮಾಡಿ. ದೂರು ಕೊಟ್ಟರೆ ಯಾರೋ ಬಂದು ನಾಲ್ಕು ಚಪ್ಪಡಿ ಹಾಕಿ ಹೋಗುತ್ತಾರೆ. ಮುಂದಿನ ಮಳೆಗಾಲಕ್ಕೆ ಮತ್ತೆ ಅದೇ ಕಥೆ. ದುಡ್ಡಿನ ದಾರಿ ಹಿಡಿದು ನೋಡಿದರೆ ಕಾರಣ ಗೊತ್ತಾಗುತ್ತದೆ. ಫುಟ್‌ಪಾತ್‌ಗೆ ಅಂತ ಸ್ವಂತ ಹಣ ಇರೋದು ತೀರಾ ಕಡಿಮೆ. ರಸ್ತೆ ಕಾಮಗಾರಿಯ ಅಂದಾಜು ಪಟ್ಟಿಯಲ್ಲಿ ಅದು ಕೆಳಗಿನ ಒಂದು ಐಟಂ. ಹಣ ಸಾಲದೆ ಬಂದಾಗ ಮೊದಲ ಕತ್ತರಿ ಬೀಳುವುದು ಅದಕ್ಕೇ. ಕಟ್ಟಿದ ಮೇಲೆ ನೋಡಿಕೊಳ್ಳಲು ಹಣ ಇಡುವ ಅಭ್ಯಾಸವಂತೂ ಇಲ್ಲವೇ ಇಲ್ಲ.

ನಮ್ಮ ಮನೆಯಿಂದ ಬಸ್ ಸ್ಟಾಪ್‌ವರೆಗಿನ ದಾರಿ ಹೇಳುತ್ತೇನೆ. ಚರಂಡಿ ಮೇಲೆ ಕಲ್ಲು ಚಪ್ಪಡಿ ಹಾಸಿದ್ದಾರೆ, ಅದೇ ಫುಟ್‌ಪಾತ್. ಮೂರನೇ ಮನೆ ಮುಂದೆ ಒಂದು ಚಪ್ಪಡಿ ಅಲುಗಾಡುತ್ತದೆ, ಕಾಲಿಟ್ಟರೆ ಇನ್ನೊಂದು ತುದಿ ಮೇಲೇಳುತ್ತದೆ. ಮುಂದೆ ಒಂದು ಗೇಟಿನ ಇಳಿಜಾರು, ಕಾರು ಹತ್ತಿಸಲು ಟೈಲ್ಸ್ ಹಾಕಿಸಿಕೊಂಡಿದ್ದಾರೆ, ಮಳೆ ಬಂದರೆ ಜಾರುತ್ತದೆ. ಆಮೇಲೆ ಟ್ರಾನ್ಸ್‌ಫಾರ್ಮರ್, ಅದರ ಸುತ್ತ ಬೇಲಿ. ಅಲ್ಲಿ ಎಲ್ಲರೂ ರಸ್ತೆಗೆ ಇಳಿಯಲೇಬೇಕು. ಇಳಿಯುವ ಜಾಗದಲ್ಲೇ ತಿರುವು. ಬೆಳಿಗ್ಗೆ ಸ್ಕೂಲ್ ಮಕ್ಕಳು ಬ್ಯಾಗ್ ಹೊತ್ತು ಇಳಿಯುವುದು ಅದೇ ತಿರುವಿನಲ್ಲಿ. ನೋಡಿದಾಗೆಲ್ಲ ಎದೆ ಝಲ್ ಅನ್ನುತ್ತದೆ.

2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅದರಲ್ಲಿ 32,825 ಜನ ನಡೆದು ಹೋಗುತ್ತಿದ್ದವರು. ದಿನಕ್ಕೆ ಸುಮಾರು 90 ಜನ. ಕೇಂದ್ರ ಸಾರಿಗೆ ಇಲಾಖೆಯದೇ ಲೆಕ್ಕ ಇದು. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್, ಸುರಕ್ಷಿತ ಫುಟ್‌ಪಾತ್ ಸಂವಿಧಾನದ 21ನೇ ವಿಧಿಯ ಕೆಳಗೆ ಬರುವ ಹಕ್ಕು ಅಂತ ಸ್ಪಷ್ಟವಾಗಿ ಹೇಳಿತು. ಹಕ್ಕು ಅಂದ ಮೇಲೆ ಅದಕ್ಕೆ ಹಣ ಬೇಕು, ಅಲ್ವಾ?

ನನ್ನ ಪ್ರಸ್ತಾವ ಇಷ್ಟು. ನಡಿಗೆ ಮತ್ತು ಸೈಕಲ್‌ಗೆ ಪ್ರತಿ ಪಾಲಿಕೆ ಬಜೆಟ್‌ನಲ್ಲಿ ಬೇರೆ ಲೆಕ್ಕ ಶೀರ್ಷಿಕೆ, ಅಂದರೆ ಅದಕ್ಕೇ ಮೀಸಲಾದ ಹಣದ ಸಾಲು, ಇರಲಿ. ರಸ್ತೆ ಹಣದಲ್ಲಿ ಇಂತಿಷ್ಟು ಪಾಲು ಅಂತ ಅದಕ್ಕೆ ಕಟ್ಟಿಡಲಿ. ಅದನ್ನು ಬೇರೆ ಕೆಲಸಕ್ಕೆ ತಿರುಗಿಸಬಾರದು. ನಿಮ್ಮ ಅಭಿಪ್ರಾಯ ಬರೆಯಿರಿ. ಎಲ್ಲ ಸೇರಿಸಿ ಒಂದು ಪತ್ರ ಮಾಡೋಣ.

ನಿವೃತ್ತ_ಇಂಜಿನಿಯರ್:

ಒಳ್ಳೆಯ ವಿಷಯ ಎತ್ತಿದ್ದೀರಿ. ಲೋಕೋಪಯೋಗಿ ಕೆಲಸದಲ್ಲಿ ಇದ್ದವನು ನಾನು. ಒಳಗಿನ ಕೆಲವು ಮಾತು ಹೇಳುತ್ತೇನೆ.

ಬೇರೆ ಶೀರ್ಷಿಕೆ ಬೇಕು, ಒಪ್ಪಿದೆ. ಆದರೆ ಶೀರ್ಷಿಕೆ ಮಾತ್ರ ಕೇಳಿದರೆ ಆ ಹಣ ತುಂಡು ಗುತ್ತಿಗೆಗೆ ಹೋಗುತ್ತದೆ. ಇಲ್ಲಿ 40 ಮೀಟರ್, ಅಲ್ಲಿ 60 ಮೀಟರ್. ಹಳೆ ಟೈಲ್ಸ್ ಕಿತ್ತು ಹೊಸ ಟೈಲ್ಸ್. ಬಿಲ್ ಆಗುತ್ತದೆ, ನಡೆಯಲು ದಾರಿ ಆಗುವುದಿಲ್ಲ. ಪತ್ರದಲ್ಲಿ "ಜಂಕ್ಷನ್‌ನಿಂದ ಜಂಕ್ಷನ್‌ವರೆಗೆ" ಅನ್ನೋ ಮಾತು ಇರಲೇಬೇಕು. ಒಂದು ಬದಿಯ ಫುಟ್‌ಪಾತ್ ಪೂರ್ತಿ ಮುಗಿಯದೆ ಕೊನೆಯ ಬಿಲ್ ಕೊಡಬಾರದು.

ಎರಡನೆಯದು ಅಗೆತ. ಫುಟ್‌ಪಾತ್ ಹಾಳಾಗುವುದು ನಡೆಯುವವರ ಕಾಲಿನಿಂದಲ್ಲ. ನೀರಿನ ಪೈಪ್‌ಗೆ ಒಬ್ಬರು, ಕರೆಂಟ್ ಕೇಬಲ್‌ಗೆ ಒಬ್ಬರು, ಇಂಟರ್ನೆಟ್‌ನ ಓಎಫ್‌ಸಿ ಕೇಬಲ್‌ಗೆ ಇನ್ನೊಬ್ಬರು ಅಗೆಯುತ್ತಾರೆ. ಮುಚ್ಚುವಾಗ ಮಣ್ಣು ತುಂಬಿ ಮೇಲೆ ಕಲ್ಲು ಇಡುತ್ತಾರೆ. ಕೆಳಗೆ ಬೆಡ್ ಕಾಂಕ್ರೀಟ್ ಇಲ್ಲ, ಮಣ್ಣು ಗಟ್ಟಿ ಮಾಡಿಲ್ಲ. ಒಂದು ಮಳೆಗೆ ಕೂರುತ್ತದೆ. ರಸ್ತೆ, ಫುಟ್‌ಪಾತ್, ಕೆಳಗಿನ ಪೈಪು, ಕೇಬಲ್ ಎಲ್ಲ ಒಟ್ಟಿಗೆ ಮಾಡುವ ಟೆಂಡರ್‌ಶ್ಯೂರ್ ಯೋಜನೆಯ ರಸ್ತೆಗಳಲ್ಲಿ ಮಾಡಿದ್ದು ಇದಕ್ಕೆ ಪರಿಹಾರ. ರೆಸಿಡೆನ್ಸಿ ರಸ್ತೆ, ಸೇಂಟ್ ಮಾರ್ಕ್ಸ್ ರಸ್ತೆ, ವಿಠಲ್ ಮಲ್ಯ ರಸ್ತೆಗಳಲ್ಲಿ ಪೈಪು, ಕೇಬಲ್‌ಗಳಿಗೆ ಫುಟ್‌ಪಾತ್ ಕೆಳಗೇ ಡಕ್ಟ್, ಅಂದರೆ ಕೊಳವೆ ದಾರಿ ಮಾಡಿ, ಅಲ್ಲಲ್ಲಿ ಚೇಂಬರ್ ಇಟ್ಟರು. ಹೊಸ ಕೇಬಲ್ ಎಳೆಯಲು ಮುಚ್ಚಳ ತೆಗೆದರೆ ಸಾಕು. ಖರ್ಚು ಜಾಸ್ತಿ ಆಯಿತು ಅಂತ ಬೈದವರು ಬಹಳ ಜನ. ಆ ಖರ್ಚಿನಲ್ಲಿ ಚರಂಡಿ, ಒಳಚರಂಡಿ, ಕರೆಂಟ್ ಎಲ್ಲ ಸೇರಿತ್ತು ಅನ್ನೋದು ನೆನಪಿರಲಿ. ಪೂರ್ತಿ ಹಣವನ್ನು ಫುಟ್‌ಪಾತ್ ತಲೆ ಮೇಲೆ ಹಾಕಿದರೆ ಲೆಕ್ಕ ತಪ್ಪುತ್ತದೆ.

ಇನ್ನು ಅಳತೆ. ಫುಟ್‌ಪಾತ್‌ಗೆ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಐಆರ್‌ಸಿ 103 ಅನ್ನೋ ಮಾರ್ಗಸೂಚಿ ಇದೆ. ಅಡ್ಡಿ ಇಲ್ಲದ ಅಗಲ ಕನಿಷ್ಠ 1.8 ಮೀಟರ್, ಎತ್ತರ 150 ಮಿಲಿಮೀಟರ್ ಮೀರಬಾರದು. ನಮ್ಮಲ್ಲಿ ಒಂದೂವರೆ ಅಡಿ ಎತ್ತರದ ಫುಟ್‌ಪಾತ್ ಇನ್ನೂ ಇವೆ. ಮಂಡಿ ನೋವಿರುವವರು ಅದನ್ನು ಹತ್ತುವುದಿಲ್ಲ, ರಸ್ತೆಯಲ್ಲೇ ನಡೆಯುತ್ತಾರೆ. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ 198ಎ ಸೆಕ್ಷನ್ ಸೇರಿತು. ರಸ್ತೆಯ ವಿನ್ಯಾಸ, ನಿರ್ವಹಣೆ ಮಾನದಂಡದಂತೆ ಇಲ್ಲದೆ ಸಾವು ಅಥವಾ ಅಂಗವೈಕಲ್ಯ ಆದರೆ ಹೊಣೆ ಹೊತ್ತ ಅಧಿಕಾರಿ, ಗುತ್ತಿಗೆದಾರರಿಗೆ 1 ಲಕ್ಷ ರೂಪಾಯಿವರೆಗೆ ದಂಡ. ಪತ್ರದಲ್ಲಿ ಇದನ್ನೂ ಕಾಣಿಸಿ.

ಸೈಕಲ್_ಎಚ್ಎಸ್ಆರ್:

ಇಂಜಿನಿಯರ್ ಸರ್ ಹೇಳಿದ "ಪೂರ್ತಿ" ಅನ್ನೋ ಮಾತು ಸೈಕಲ್ ಪಥಕ್ಕೆ ಇನ್ನೂ ಜಾಸ್ತಿ ಅನ್ವಯಿಸುತ್ತದೆ.

2020ರಲ್ಲಿ ಹೊರವರ್ತುಲ ರಸ್ತೆಯಲ್ಲಿ ಸಿಲ್ಕ್ ಬೋರ್ಡ್‌ನಿಂದ ಆಚೆ ಸೈಕಲ್ ಲೇನ್ ಬಂತು. ಬಣ್ಣದ ಪಟ್ಟಿ, ಪ್ಲಾಸ್ಟಿಕ್ ಬೊಲಾರ್ಡ್ (ಗಾಡಿ ತಡೆಯುವ ಗಿಡ್ಡ ಕಂಬ). ಕೋವಿಡ್ ಸಮಯ, ರಸ್ತೆಯೂ ಖಾಲಿ. ಆಗ ಮಕ್ಕಳನ್ನು ಕರೆದುಕೊಂಡು ಬಂದು ಸೈಕಲ್ ಹೊಡೆದವರನ್ನು ನಾನೇ ನೋಡಿದ್ದೇನೆ. ಆಮೇಲೆ ಗಾಡಿಗಳು ಗುದ್ದಿ ಬೊಲಾರ್ಡ್ ಮುರಿದವು. ಮುರಿದದ್ದನ್ನು ಮತ್ತೆ ಹಾಕುವವರಿಲ್ಲ. ಬೈಕ್‌ಗಳು ನುಗ್ಗಿದವು. ಮೆಟ್ರೋ ಕೆಲಸ ಬಂತು. ಲೇನ್ ಮಾಯ.

ಒಂದು ಪ್ಲಾಸ್ಟಿಕ್ ಬೊಲಾರ್ಡ್ ಬದಲಾಯಿಸಲು ಎಷ್ಟು ದುಡ್ಡು ಬೇಕು? ರಸ್ತೆ ಕಾಮಗಾರಿಯ ಮುಂದೆ ಏನೂ ಅಲ್ಲ. ಆದರೆ ಆ ಏನೂ ಅಲ್ಲದ ದುಡ್ಡಿಗೆ ಬಜೆಟ್‌ನಲ್ಲಿ ಜಾಗ ಇರಲಿಲ್ಲ. ಹಾಕಲು ಯೋಜನೆ ಇತ್ತು, ಉಳಿಸಲು ಇರಲಿಲ್ಲ. ಅದಕ್ಕೇ ನಿರ್ವಹಣೆಗೆ ಪ್ರತ್ಯೇಕ ಮೊತ್ತ ಬೇಕು ಅಂತ ದಪ್ಪ ಅಕ್ಷರದಲ್ಲಿ ಬರೆಯಿರಿ.

ಇನ್ನೊಂದು ಮಾತು. ಈಗ ಸೈಕಲ್ ಅಂದರೆ ಹೆಲ್ಮೆಟ್ ಹಾಕಿಕೊಂಡು ಭಾನುವಾರ ನಂದಿ ಬೆಟ್ಟಕ್ಕೆ ಹೋಗುವವರು ಮಾತ್ರ ಅಂದುಕೊಳ್ಳುತ್ತಾರೆ. ನಮ್ಮ ಏರಿಯಾದಲ್ಲಿ ಬೆಳಿಗ್ಗೆ ಆರಕ್ಕೆ ಬನ್ನಿ. ಸೆಕ್ಯೂರಿಟಿ ಗಾರ್ಡ್‌ಗಳು, ಪೇಪರ್ ಹಾಕುವ ಹುಡುಗರು, ಕಟ್ಟಡ ಕೆಲಸದವರು, ಹೂವಿನವರು. ಹಳೇ ಸೈಕಲ್, ಹಿಂದೆ ಲೈಟ್ ಇಲ್ಲ. ಅವರು ಇಂಥ ಚರ್ಚೆಗೆ ಬರುವುದಿಲ್ಲ. ಲೇನ್ ಬೇಕಾಗಿರುವುದು ಮೊದಲು ಅವರಿಗೆ.

ಅಂಗಡಿ_ಬಸವನಗುಡಿ:

ನಾನು ವಿರೋಧ ಮಾತಾಡುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ನಮ್ಮ ರಸ್ತೆಯಲ್ಲಿ ಫುಟ್‌ಪಾತ್ ಅಗಲ ಮಾಡುವ ಕೆಲಸ ಶುರು ಮಾಡಿದರು. ಕೆಲವು ತಿಂಗಳು ಅಂದರು. ವರ್ಷ ದಾಟಿತು. ಅಂಗಡಿ ಮುಂದೆ ಹಳ್ಳ, ಹಳ್ಳದ ಮೇಲೆ ಹಲಗೆ. ವಯಸ್ಸಾದ ಗಿರಾಕಿಗಳು ಆ ಹಲಗೆ ದಾಟಿ ಯಾಕೆ ಬರುತ್ತಾರೆ? ದೀಪಾವಳಿ ವ್ಯಾಪಾರ ಕೈ ತಪ್ಪಿತು. ಬಾಡಿಗೆ ನಿಂತಿತಾ? ಇಲ್ಲ. ಕೆಲಸದ ಹುಡುಗರಿಗೆ ಸಂಬಳ ನಿಲ್ಲಿಸಲು ಆಗುತ್ತದಾ? ಇಲ್ಲ. ಮುಗಿದ ಮೇಲೆ ಚೆನ್ನಾಗಿ ಕಾಣುತ್ತದೆ, ಸುಳ್ಳು ಹೇಳಲ್ಲ. ಆದರೆ ಆ ಚೆಂದದ ಬೆಲೆ ಕೊಟ್ಟವರು ನಾವು. ನಮಗೆ ಒಂದು ರೂಪಾಯಿ ತೆರಿಗೆ ರಿಯಾಯಿತಿ ಕೂಡ ಸಿಗಲಿಲ್ಲ.

ಪಾರ್ಕಿಂಗ್ ಹೋದರೆ ವ್ಯಾಪಾರ ಹೋಗುತ್ತದೆ ಅನ್ನೋ ಭಯವೂ ಇದೆ. ನೀವು ಪತ್ರ ಬರೆಯುವಾಗ ನಮ್ಮನ್ನೂ ಮನುಷ್ಯರು ಅಂತ ಲೆಕ್ಕಕ್ಕೆ ತೆಗೆದುಕೊಳ್ಳಿ.

ಗಿರಿನಗರ_ನಡಿಗೆ:

ಅಣ್ಣಾ, ಬೇಜಾರು ಏನಿಲ್ಲ. ಈ ಮಾತು ಬರಲೇಬೇಕಿತ್ತು.

ನೀವು ಹೇಳಿದ್ದರಲ್ಲಿ ಎರಡು ವಿಷಯ ಇವೆ. ಕೆಲಸ ತಡವಾದರೆ ಆಗುವ ನಷ್ಟ ನಿಜ. ಅದಕ್ಕೆ ಪತ್ರದಲ್ಲಿ ಹೀಗೆ ಕೇಳಬಹುದು: ಪೂರ್ತಿ ರಸ್ತೆ ಒಟ್ಟಿಗೆ ಅಗೆಯಬಾರದು, ಒಂದು ಬ್ಲಾಕ್ ಮುಗಿಸಿ ಮುಂದಕ್ಕೆ ಹೋಗಬೇಕು, ಹಬ್ಬದ ತಿಂಗಳಲ್ಲಿ ಅಂಗಡಿ ಮುಂದೆ ಅಗೆತ ಬೇಡ, ಗಡುವು ಮೀರಿದರೆ ಗುತ್ತಿಗೆದಾರರ ಮೇಲೆ ದಂಡ. ಆ ದಂಡದಲ್ಲಿ ಅಂಗಡಿಯವರಿಗೆ ಪಾಲು ಸಿಗುವ ದಾರಿ ಇದೆಯಾ ಅಂತಲೂ ಕೇಳೋಣ.

ಪಾರ್ಕಿಂಗ್ ವಿಷಯದಲ್ಲಿ ನನ್ನ ಅಭಿಪ್ರಾಯ ಬೇರೆ. ಅಂಗಡಿ ಮುಂದೆ ಬೆಳಿಗ್ಗೆಯಿಂದ ಸಂಜೆವರೆಗೆ ನಿಲ್ಲುವ ಕಾರುಗಳು ಗಿರಾಕಿಗಳದ್ದಾ? ಬಹಳ ಕಡೆ ಅದು ಪಕ್ಕದ ಆಫೀಸಿನವರದು, ಇಲ್ಲ ಅಂಗಡಿಯವರದೇ. ಚರ್ಚ್ ಸ್ಟ್ರೀಟ್ ನೋಡಿ. 2018ರ ಹೊತ್ತಿಗೆ ಕಲ್ಲು ಹಾಸಿ ಹೊಸದು ಮಾಡಿದರು. 2020ರ ನವೆಂಬರ್‌ನಿಂದ ಕೆಲವು ತಿಂಗಳು ವಾರಾಂತ್ಯದಲ್ಲಿ ವಾಹನವನ್ನೇ ಬಿಡಲಿಲ್ಲ. ಇವತ್ತಿಗೂ ಸಂಜೆ ಹೊತ್ತು ಅಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಬಂದವರಲ್ಲಿ ಬಹಳ ಜನ ಮೆಟ್ರೋ ಇಳಿದು ನಡೆದು ಬಂದವರೇ. ಎಲ್ಲ ರಸ್ತೆಯೂ ಚರ್ಚ್ ಸ್ಟ್ರೀಟ್ ಆಗುವುದಿಲ್ಲ, ಗೊತ್ತು. ಆದರೆ ನಡೆಯುವವರೂ ಗಿರಾಕಿಗಳೇ.

ಹೂವು_ಮಾರುವವರ_ಮಗಳು:

ಎಲ್ಲರೂ ಫುಟ್‌ಪಾತ್ ತೆರವು ಅನ್ನೋಕೆ ಮುಂಚೆ ನಾನು ಒಂದು ಮಾತು ಹೇಳಬೇಕು. ನಮ್ಮಮ್ಮ ಹೂವು ಮಾರುವುದು ಫುಟ್‌ಪಾತ್ ಮೇಲೆ. ಆ ದುಡ್ಡಲ್ಲೇ ನಾನು ಡಿಗ್ರಿ ಮುಗಿಸಿದ್ದು.

2014ರ ಬೀದಿ ಬದಿ ವ್ಯಾಪಾರಿಗಳ ಕಾಯ್ದೆ ಇದೆ. ಸಮೀಕ್ಷೆ ಮಾಡಿ, ಗುರುತಿನ ಚೀಟಿ ಕೊಟ್ಟು, ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕೂತು ಜಾಗ ನಿಗದಿ ಮಾಡಬೇಕು. ಫುಟ್‌ಪಾತ್ ಚೆಂದ ಮಾಡುತ್ತೇವೆ ಅಂತ ಬಂದಾಗೆಲ್ಲ ಮೊದಲು ಎತ್ತಂಗಡಿ ಆಗುವುದು ನಮ್ಮಂಥವರು. ಟ್ರಾನ್ಸ್‌ಫಾರ್ಮರ್ ಹಾಗೇ ಇರುತ್ತದೆ, ನಿಲ್ಲಿಸಿದ ಬೈಕ್ ಹಾಗೇ ಇರುತ್ತವೆ. ಅಮ್ಮನ ಬುಟ್ಟಿ ಮಾತ್ರ ಲಾರಿ ಹತ್ತುತ್ತದೆ.

ಬುಟ್ಟಿ ಇಡಲು ಎಷ್ಟು ಜಾಗ ಬೇಕು? ಮೂರಡಿ. ಮರದ ಸಾಲಿನಲ್ಲಿ, ಎರಡು ಮರದ ನಡುವೆ ಆ ಜಾಗ ಗುರುತು ಮಾಡಿ. ನಡೆಯುವ 1.8 ಮೀಟರ್ ಪಕ್ಕದಲ್ಲಿ ಖಾಲಿ ಬಿಡಿ. ವಿನ್ಯಾಸ ಮಾಡುವಾಗಲೇ ಇದನ್ನು ಸೇರಿಸಿದರೆ ಎತ್ತಂಗಡಿಯೂ ಇಲ್ಲ, ಜಗಳವೂ ಇಲ್ಲ. ಮತ್ತೆ, ರಾತ್ರಿ ಎಂಟು ಗಂಟೆ ಮೇಲೆ ಹುಡುಗಿಯರು ಧೈರ್ಯವಾಗಿ ಆ ಫುಟ್‌ಪಾತ್‌ನಲ್ಲಿ ನಡೆಯುವುದು ಅಲ್ಲಿ ಅಮ್ಮನಂಥವರು ಕೂತಿರುವುದರಿಂದಲೇ.

ನಿವೃತ್ತ_ಇಂಜಿನಿಯರ್:

ಚೆನ್ನಾಗಿ ಹೇಳಿದೆಯಮ್ಮ. ನಕ್ಷೆಯಲ್ಲೇ ಇದನ್ನು ತೋರಿಸಲು ಆಗುತ್ತದೆ. ಮರ, ದೀಪದ ಕಂಬ, ಬೆಂಚು, ವ್ಯಾಪಾರ ಎಲ್ಲ ಒಂದು ಪಟ್ಟಿಯಲ್ಲಿ, ನಡಿಗೆ ಇನ್ನೊಂದು ಪಟ್ಟಿಯಲ್ಲಿ. ಅಗಲ ಇರುವ ರಸ್ತೆಯಲ್ಲಿ ಕಷ್ಟವೇ ಇಲ್ಲ.

ಆಟೋ_ರಾಜಾಜಿನಗರ:

ನಾನು ಆಟೋ ಓಡಿಸುತ್ತೇನೆ. ನನಗೂ ಒಳ್ಳೆ ಫುಟ್‌ಪಾತ್ ಬೇಕು. ಜನ ರಸ್ತೆಯಲ್ಲಿ ನಡೆಯುವುದರಿಂದ ನಮಗೂ ಭಯ. ಗಾಡಿ ನಿಲ್ಲಿಸಿ ಪ್ಯಾಸೆಂಜರ್ ಇಳಿಸಲು ಒಂದು ಜಾಗ ಬಿಡಿ ಅಷ್ಟೇ. ಬಸ್ ಸ್ಟಾಪ್‌ನಲ್ಲೇ ನಾವು ನಿಲ್ಲಬೇಕಾಗುತ್ತದೆ, ಬಸ್ ನಡುರಸ್ತೆಯಲ್ಲಿ ನಿಲ್ಲುತ್ತದೆ, ಜನ ಓಡಿ ಹೋಗಿ ಹತ್ತುತ್ತಾರೆ. ಎಲ್ಲ ಒಂದಕ್ಕೊಂದು ಸೇರಿಕೊಂಡಿದೆ ಸರ್.

ರಸ್ತೆ_ಮೊದಲು:

ಕ್ಷಮಿಸಿ, ಆದರೆ ಗುಂಡಿ ಮುಚ್ಚಲೇ ದುಡ್ಡಿಲ್ಲ ಅನ್ನುತ್ತಾರೆ. ಬೈಕ್ ಸವಾರರು ಗುಂಡಿಗೆ ಬಿದ್ದು ಸಾಯುತ್ತಿದ್ದಾರೆ. ಮೊದಲು ರಸ್ತೆ ಸರಿ ಮಾಡಲಿ, ಫುಟ್‌ಪಾತ್ ಆಮೇಲೆ ನೋಡೋಣ. ಇರುವ ಹಣಕ್ಕೆ ಇನ್ನೊಂದು ಪಾಲುದಾರ ಯಾಕೆ?

ಲೆಕ್ಕಪತ್ರ:

ಹಣದ ವಿಷಯ ಬಂದಿದ್ದರಿಂದ ಬರೆಯುತ್ತಿದ್ದೇನೆ. ನನ್ನ ಕೆಲಸವೇ ಲೆಕ್ಕ ಪರಿಶೋಧನೆ.

ಗುಂಡಿ ಮುಚ್ಚುವುದೂ ಸುರಕ್ಷತೆಯೇ, ಅದರ ಹಣ ಕಿತ್ತುಕೊಳ್ಳಿ ಅಂತ ಯಾರೂ ಹೇಳುತ್ತಿಲ್ಲ. ಆದರೆ "ದುಡ್ಡಿಲ್ಲ" ಅನ್ನುವ ಮಾತನ್ನು ನಾನು ಒಪ್ಪಲ್ಲ. ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ವರೆಗಿನ ಸುರಂಗ ರಸ್ತೆ 16 ಕಿಲೋಮೀಟರ್ ಚಿಲ್ಲರೆ. ಅದರ ಅಂದಾಜು 17 ಸಾವಿರ ಕೋಟಿ ರೂಪಾಯಿಗೂ ಜಾಸ್ತಿ. ಆ ಯೋಜನೆ ಬೇಕೋ ಬೇಡವೋ ಅನ್ನುವುದು ಬೇರೆ ಚರ್ಚೆ. ಆದರೆ ಕಾರಿಗೆ ಅಂತ ಬಂದಾಗ ಅಷ್ಟು ದೊಡ್ಡ ಮೊತ್ತ ಯೋಚಿಸಬಲ್ಲ ಸರ್ಕಾರ, ನಡೆಯುವವರಿಗೆ ಹಣ ಇಲ್ಲ ಅನ್ನಬಾರದು.

ಈಗ ಮೂಲಗಳು. ರಾಜ್ಯದಲ್ಲಿ ನಗರ ಭೂಸಾರಿಗೆ ನಿರ್ದೇಶನಾಲಯ ಇದೆ, ಡಲ್ಟ್ ಅನ್ನುತ್ತಾರೆ, 2007ರಲ್ಲಿ ಆದದ್ದು. ಅದರ ಕೈಯಲ್ಲಿ ರಾಜ್ಯ ನಗರ ಸಾರಿಗೆ ನಿಧಿ ಇದೆ. ಮೈಸೂರಿನಂಥ ಊರಿನಲ್ಲಿ ನಿಮ್ಮ ಆಸ್ತಿ ತೆರಿಗೆ ರಸೀದಿ ತೆಗೆದು ನೋಡಿ. ಆರೋಗ್ಯ ಸೆಸ್, ಗ್ರಂಥಾಲಯ ಸೆಸ್, ಭಿಕ್ಷುಕರ ಸೆಸ್ ಜೊತೆಗೆ ನಗರ ಸಾರಿಗೆ ಸೆಸ್ ಅಂತ ಶೇ 2 ಇರುತ್ತದೆ. ಸಾರಿಗೆಗೆ ಅಂತಲೇ ನಾವು ಕೊಡುವ ದುಡ್ಡು ಅದು. ಎಷ್ಟು ಬಂತು, ಎಷ್ಟು ಫುಟ್‌ಪಾತ್‌ಗೆ ಹೋಯಿತು ಅಂತ ವರ್ಷಕ್ಕೊಮ್ಮೆ ಊರುವಾರು ಪ್ರಕಟಿಸಿ ಅಂತ ಕೇಳುವ ಹಕ್ಕು ನಮಗಿದೆ.

ಎರಡನೆಯದು ಪಾರ್ಕಿಂಗ್. ಬೆಂಗಳೂರಿಗೆ 2021ರಲ್ಲಿ ಪಾರ್ಕಿಂಗ್ ನೀತಿ ಬಂತು. ರಸ್ತೆ ಬದಿ ಜಾಗಕ್ಕೆ ದರ ಇಡಬೇಕು ಅನ್ನುವುದು ಅದರ ತಿರುಳು. ಆ ಶುಲ್ಕವನ್ನು ಅದೇ ವಾರ್ಡಿನ ಫುಟ್‌ಪಾತ್‌ಗೆ ಕಟ್ಟಿದರೆ ಜನರಿಗೂ ಕಣ್ಣಿಗೆ ಕಾಣುತ್ತದೆ.

ಮೂರನೆಯದು ದಂಡ. 2023ರ ಫೆಬ್ರವರಿಯಲ್ಲಿ ಟ್ರಾಫಿಕ್ ದಂಡಕ್ಕೆ ಅರ್ಧ ರಿಯಾಯಿತಿ ಕೊಟ್ಟಾಗ ಬೆಂಗಳೂರಿನಲ್ಲಿ ಕೆಲವೇ ದಿನಗಳಲ್ಲಿ 100 ಕೋಟಿ ರೂಪಾಯಿಗೂ ಜಾಸ್ತಿ ಬಂತು. ಆ ದಂಡದಲ್ಲಿ ಸಿಗ್ನಲ್ ಹಾರಿದ್ದು, ಫುಟ್‌ಪಾತ್ ಮೇಲೆ ಗಾಡಿ ಓಡಿಸಿದ್ದು ಎಲ್ಲ ಸೇರಿದೆ. ನಡೆಯುವವರ ಜೀವಕ್ಕೆ ಅಪಾಯ ತಂದಿದ್ದಕ್ಕೆ ಕಟ್ಟಿದ ದಂಡದಲ್ಲಿ ಒಂದು ಪಾಲು ನಡೆಯುವವರಿಗೇ ಬರಬೇಕು ಅನ್ನುವುದು ನ್ಯಾಯವಾದ ಮಾತು.

ನಾಲ್ಕನೆಯದನ್ನು ಬಹಳ ಜನ ಮರೆಯುತ್ತಾರೆ. ಶುದ್ಧ ಗಾಳಿಗೆ ಅಂತ ದೊಡ್ಡ ನಗರಗಳಿಗೆ ಕೇಂದ್ರದ ಅನುದಾನ ಬರುತ್ತದೆ, ಅದರಲ್ಲಿ ಧೂಳು ತಡೆಯುವ ಕೆಲಸಕ್ಕೇ ಜಾಸ್ತಿ ಹಣ ಹೋಗಿದೆ. ರಸ್ತೆ ಅಂಚಿನ ಮಣ್ಣನ್ನು ಮುಚ್ಚಿ ಫುಟ್‌ಪಾತ್ ಮಾಡುವುದು ಧೂಳು ತಡೆಯುವ ಕೆಲಸವೇ.

ಕುವೆಂಪುನಗರ_ಮೈಸೂರು:

ಮೈಸೂರಿನ ಹೆಸರು ಬಂದಿದ್ದರಿಂದ ಸೇರಿಸುತ್ತೇನೆ. 2017ರ ಜೂನ್‌ನಲ್ಲಿ ಟ್ರಿಣ್ ಟ್ರಿಣ್ ಅನ್ನುವ ಬಾಡಿಗೆ ಸೈಕಲ್ ಯೋಜನೆ ಶುರುವಾಯಿತು. 450 ಸೈಕಲ್, ಊರ ತುಂಬ ಡಾಕಿಂಗ್ ನಿಲ್ದಾಣ. ಜಾಗತಿಕ ಪರಿಸರ ನಿಧಿಯ ಹಣವೂ ಅದರಲ್ಲಿತ್ತು. ಕಾರ್ಡ್ ತೋರಿಸಿ ಸೈಕಲ್ ತೆಗೆದುಕೊಂಡು ಅರಮನೆ ಕಡೆ ಹೋಗುವುದು ಒಂದು ಖುಷಿ. ಊರಿಗೆ ಹೆಮ್ಮೆ ತಂದ ಕೆಲಸ.

ಆದರೆ ಸೈಕಲ್ ಬಂತು, ಸೈಕಲ್ ಓಡಿಸುವ ದಾರಿ ಬರಲಿಲ್ಲ. ನಮ್ಮ ರಸ್ತೆಗಳು ಅಗಲ, ಮರದ ನೆರಳೂ ಇದೆ. ಹಾಗಿದ್ದೂ ದೊಡ್ಡ ಸರ್ಕಲ್‌ಗಳಲ್ಲಿ ಬಸ್, ಟಿಪ್ಪರ್ ನಡುವೆ ಸೈಕಲ್ ನುಗ್ಗಿಸಲು ಅಪ್ಪ ಅಮ್ಮಂದಿರು ಮಕ್ಕಳನ್ನು ಬಿಡುವುದಿಲ್ಲ. ಸೈಕಲ್ ಕೊಳ್ಳಲು ಹಣ ಕೊಡುವವರು ಸಿಗುತ್ತಾರೆ, ಫೋಟೋ ಚೆನ್ನಾಗಿ ಬರುತ್ತದೆ. ಸರ್ಕಲ್‌ನಲ್ಲಿ ಸೈಕಲ್ ದಾಟಲು ಜಾಗ ಮಾಡಿ ಅಂದರೆ ಯಾರೂ ಮುಂದೆ ಬರುವುದಿಲ್ಲ.

ಉಣಕಲ್_ಹುಬ್ಬಳ್ಳಿ:

ನಮ್ಮ ಕಡೆಯದೂ ಕೇಳ್ರಿ. ಹುಬ್ಬಳ್ಳಿಯಲ್ಲಿ ಉಣಕಲ್ ನಾಲಾ ಪಕ್ಕ ಗ್ರೀನ್ ಮೊಬಿಲಿಟಿ ಕಾರಿಡಾರ್ ಅಂತ ಸೈಕಲ್, ನಡಿಗೆ ದಾರಿ ಮಾಡುವ ಕೆಲಸ ಹಿಡಿದರು. ಫ್ರಾನ್ಸ್‌ನ ಅಭಿವೃದ್ಧಿ ಸಂಸ್ಥೆ, ಯುರೋಪಿಯನ್ ಒಕ್ಕೂಟದ ಬೆಂಬಲದ, ಸಿಟೀಸ್ ಅನ್ನುವ ಕೇಂದ್ರದ ಯೋಜನೆ ಅದು. ಗಲೀಜು ನೀರು ಹರಿಯುವ ನಾಲಾ, ಎರಡೂ ಬದಿ ಮನೆಗಳ ಹಿಂಬದಿ ಗೋಡೆ. ಅದರ ಪಕ್ಕ ದಾರಿ ಮಾಡಬೇಕು ಅಂದರೆ ಮೊದಲು ಕೊಳಚೆ ನೀರು ಬೇರೆ ಕಡೆ ಹರಿಸಬೇಕು. ಸೈಕಲ್ ದಾರಿ ಮಾಡಲು ಹೋದವರು ಒಳಚರಂಡಿ ಕೆಲಸವನ್ನೂ ಮಾಡಬೇಕಾಯಿತು.

ನಾನು ಹೇಳುವುದು, ಇಂಥ ದಾರಿ ಸಂಜೆ ವಾಕಿಂಗ್‌ಗೆ ಛಲೋ. ಆದರೆ ಮಾರ್ಕೆಟ್‌ಗೆ, ಸಾಲಿಗೆ (ಶಾಲೆಗೆ), ಬಸ್ ಸ್ಟ್ಯಾಂಡ್‌ಗೆ ಹೋಗುವ ರಸ್ತೆಗೆ ಅದು ಕೂಡಬೇಕು ನೋಡ್ರಿ. ಇಲ್ಲದಿದ್ದರೆ ಉದ್ಯಾನದಂತೆ ಉಳಿಯುತ್ತದೆ.

ಚೆನ್ನೈ_ಕನ್ನಡ:

ಪಾಲು ಎಷ್ಟು ಅಂತ ಕೇಳುವಾಗ ಚೆನ್ನೈ ಉದಾಹರಣೆ ಕೊಡಿ. 2014ರಲ್ಲಿ ಚೆನ್ನೈ ಕಾರ್ಪೊರೇಷನ್ ಮೋಟಾರುರಹಿತ ಸಾರಿಗೆ ನೀತಿ ತಂದಿತು. ಸಾರಿಗೆ ಬಜೆಟ್‌ನಲ್ಲಿ ಕನಿಷ್ಠ ಶೇ 60 ನಡಿಗೆ, ಸೈಕಲ್‌ಗೆ ಅಂತ ಅದರಲ್ಲಿ ಬರೆದಿದ್ದಾರೆ. ನೀತಿಯಲ್ಲಿ ಬರೆದದ್ದೆಲ್ಲ ಆಗಿದೆ ಅಂತ ನಾನು ಹೇಳಲ್ಲ. ಆದರೆ ಆ ನೀತಿ ಬಂದ ಮೇಲೆ ರಸ್ತೆ ರಸ್ತೆಯ ಫುಟ್‌ಪಾತ್ ಅಗಲ ಆಯಿತು. 2019ರಲ್ಲಿ ಟಿ. ನಗರದ ಅಂಗಡಿ ಬೀದಿ ಪಾಂಡಿ ಬಜಾರ್‌ನ ಹೊಸ ರೂಪ ತೆರೆಯಿತು. ಟಿ. ನಗರದ ಜನಜಂಗುಳಿ ಗೊತ್ತಿರುವವರಿಗೆ ಅದರ ಬೆಲೆ ಗೊತ್ತಾಗುತ್ತದೆ. ಈಗ ಅಲ್ಲಿ ಕುಟುಂಬದವರು ಅಕ್ಕಪಕ್ಕ ಮಾತಾಡಿಕೊಂಡು ನಡೆಯುತ್ತಾರೆ. ಒಂದು ಸಂಖ್ಯೆ ಬರಹದಲ್ಲಿ ಇದ್ದರೆ, ಕಡಿಮೆ ಕೊಟ್ಟಾಗ ತೋರಿಸಿ ಕೇಳಬಹುದು.

ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದವರು 2016ರಲ್ಲಿ ಕನಿಷ್ಠ ಶೇ 20 ಅಂದಿದ್ದರು. ಬೆಂಗಳೂರಿನ ಪಾಲಿಕೆಗಳಿಗೆ ಶುರುವಿಗೆ ಅಷ್ಟಾದರೂ ಕೇಳಿ.

ಐಂಡ್‌ಹೋವನ್_ಕನ್ನಡಿಗ:

ನೆದರ್ಲೆಂಡ್ಸ್‌ನಿಂದ ಬರೆಯುತ್ತಿದ್ದೇನೆ. ಇಲ್ಲಿಗೆ ಬಂದ ಕನ್ನಡದವರೆಲ್ಲ ಒಂದೇ ಮಾತು ಹೇಳುತ್ತೇವೆ: ಇವರಿಗೆ ಸೈಕಲ್ ರಕ್ತದಲ್ಲೇ ಇದೆ. ಇತಿಹಾಸ ಓದಿದರೆ ಹಾಗಿಲ್ಲ. 1971ರಲ್ಲಿ ಈ ಪುಟ್ಟ ದೇಶದಲ್ಲಿ ರಸ್ತೆಯಲ್ಲಿ ಸುಮಾರು 3,300 ಜನ ಸತ್ತರು, ಅದರಲ್ಲಿ 400ಕ್ಕೂ ಜಾಸ್ತಿ ಮಕ್ಕಳು. ತಂದೆ ತಾಯಂದಿರು ಬೀದಿಗೆ ಇಳಿದರು. "ಮಕ್ಕಳ ಕೊಲೆ ನಿಲ್ಲಿಸಿ" ಅನ್ನುವುದೇ ಆ ಚಳವಳಿಯ ಹೆಸರು. 1973ರಲ್ಲಿ ತೈಲದ ಬಿಕ್ಕಟ್ಟು ಬಂದು ಕಾರಿಲ್ಲದ ಭಾನುವಾರಗಳೂ ಆದವು. ಆಮೇಲೆ ಕೇಂದ್ರ ಸರ್ಕಾರ ಹಣ ಕೊಟ್ಟು ಹೇಗ್ ಮತ್ತು ಟಿಲ್‌ಬರ್ಗ್ ಊರುಗಳಲ್ಲಿ ಒಂದೊಂದು ಮಾದರಿ ಸೈಕಲ್ ದಾರಿ ಮಾಡಿಸಿತು.

ಇಲ್ಲಿ ನಮಗೆ ಬೇಕಾದ ವಿಷಯ ಇದೆ. ಆ ಒಂದೊಂದು ದಾರಿ ಚೆನ್ನಾಗಿದ್ದರೂ ಊರಿನಲ್ಲಿ ಒಟ್ಟು ಸೈಕಲ್ ಸವಾರಿ ಅಷ್ಟೇನೂ ಏರಲಿಲ್ಲ. 1980ರ ದಶಕದಲ್ಲಿ ಡೆಲ್ಫ್ಟ್ ಊರಿನಲ್ಲಿ ಇಡೀ ಜಾಲವನ್ನು ಜೋಡಿಸಿದರು. ಅಲ್ಲಲ್ಲಿ ಬಿಟ್ಟುಹೋದ ತುಂಡುಗಳನ್ನು ಸೇರಿಸಿದರು, ಸಣ್ಣ ಸೇತುವೆ, ಕೆಳದಾರಿ ಕಟ್ಟಿದರು. ಆಗ ಬದಲಾವಣೆ ಕಂಡಿತು. ಇಂಜಿನಿಯರ್ ಸರ್ ಹೇಳಿದ ಜಂಕ್ಷನ್‌ನಿಂದ ಜಂಕ್ಷನ್ ಅನ್ನುವ ಮಾತಿಗೆ ಇದೇ ಸಾಕ್ಷಿ.

ಇನ್ನೊಂದು ಸಣ್ಣ ಸಂಗತಿ. ಇಲ್ಲಿ ಅಡ್ಡರಸ್ತೆ ಬಂದಾಗ ಫುಟ್‌ಪಾತ್ ಇಳಿಯುವುದಿಲ್ಲ. ಅದೇ ಮಟ್ಟದಲ್ಲಿ, ಅದೇ ಕಲ್ಲಿನಲ್ಲಿ ಅಡ್ಡರಸ್ತೆ ದಾಟಿ ಮುಂದೆ ಹೋಗುತ್ತದೆ. ಕಾರು ಅದರ ಮೇಲೆ ಹತ್ತಿ ಇಳಿಯಬೇಕು. ಹತ್ತುವಾಗ ತಾನಾಗೇ ನಿಧಾನ ಆಗುತ್ತದೆ. ನನ್ನ ಮಗಳು ಸ್ಕೂಲಿಗೆ ನಡೆದು ಹೋಗುವಾಗ ಮೂರು ಅಡ್ಡರಸ್ತೆ ಬರುತ್ತವೆ, ಅವಳು ಎಲ್ಲೂ ಕೆಳಗೆ ಇಳಿಯುವುದಿಲ್ಲ. ಇದಕ್ಕೆ ಬೇಕಾದದ್ದು ಸ್ವಲ್ಪ ಕಲ್ಲು, ಸ್ವಲ್ಪ ಕಾಂಕ್ರೀಟ್. ಜಯನಗರ, ಮಲ್ಲೇಶ್ವರದಂಥ ಕಡೆ, ಕ್ರಾಸ್ ಮೇಲೆ ಕ್ರಾಸ್ ಇರುವಲ್ಲಿ, ಹೇಳಿ ಮಾಡಿಸಿದಂತೆ ಒಪ್ಪುತ್ತದೆ.

ವೇಗದ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವುದನ್ನೂ ಪತ್ರದಲ್ಲಿ ಹಾಕಿ. ಸರಾಸರಿ ವೇಗ ಶೇ 1 ಏರಿದರೆ ಸಾವು ತರುವ ಅಪಘಾತದ ಸಾಧ್ಯತೆ ಶೇ 4 ಏರುತ್ತದೆ.

ಗಾಲಿಕುರ್ಚಿ_ಜಯನಗರ:

ಎಲ್ಲರೂ ನಡೆಯುವವರ ಬಗ್ಗೆ ಬರೆದಿದ್ದೀರಿ. ನಾನು ವೀಲ್‌ಚೇರ್‌ನಲ್ಲಿ ಓಡಾಡುತ್ತೇನೆ. ಹೊಸ ಫುಟ್‌ಪಾತ್‌ನ ಬಾಯಲ್ಲಿ ಬೈಕ್ ಹತ್ತಬಾರದು ಅಂತ ಬೊಲಾರ್ಡ್ ನೆಡುತ್ತಾರೆ. ಎರಡು ಬೊಲಾರ್ಡ್ ನಡುವೆ ನನ್ನ ಕುರ್ಚಿ ಹಿಡಿಸುವುದಿಲ್ಲ. ಬೈಕ್ ಪಕ್ಕದ ಗೇಟಿನ ಇಳಿಜಾರಿನಿಂದ ಹತ್ತಿ ಹೋಗುತ್ತದೆ, ನಾನು ಕೆಳಗೇ ಉಳಿಯುತ್ತೇನೆ.

ಕಣ್ಣು ಕಾಣದವರಿಗೆ ಅಂತ ಹಾಕುವ ಹಳದಿ ಉಬ್ಬು ಟೈಲ್ಸ್ ಕೂಡ ನೋಡಿ. ನೇರವಾಗಿ ಹೋಗಿ ಮರಕ್ಕೆ ಗುದ್ದುತ್ತವೆ. ಹಾಕಿದ್ದೇವೆ ಅಂತ ಬಿಲ್‌ನಲ್ಲಿ ಇರುತ್ತದೆ. ನನ್ನ ಕೋರಿಕೆ ಇಷ್ಟೇ: ಬಿಲ್ ಪಾಸ್ ಮಾಡುವ ಮುಂಚೆ ಆ ದಾರಿಯಲ್ಲಿ ಒಂದು ವೀಲ್‌ಚೇರ್, ಒಂದು ಮಗುವಿನ ತಳ್ಳುಗಾಡಿ ಕೊನೆಯವರೆಗೆ ಹೋಗಿ ಬರಲಿ. ಹೋಗಲು ಆಗಲಿಲ್ಲ ಅಂದರೆ ಕೆಲಸ ಮುಗಿದಿಲ್ಲ ಅಂತಲೇ ಬರೆಯಬೇಕು. ಆ ಪರೀಕ್ಷೆಗೆ ನಾನೇ ಬರುತ್ತೇನೆ, ಯಾವ ರಸ್ತೆಗೆ ಕರೆದರೂ ಸರಿ.

ರಸ್ತೆ_ಮೊದಲು:

ಮೇಲಿನ ಬರಹ ಓದಿದೆ. ಗುಂಡಿ ಮುಚ್ಚುವ ಹಣಕ್ಕೆ ಕೈ ಹಾಕಲ್ಲ ಅಂತ ಪತ್ರದಲ್ಲಿ ಸ್ಪಷ್ಟವಾಗಿ ಬರೆದರೆ ನಾನೂ ಸಹಿ ಹಾಕುತ್ತೇನೆ. ಪಾರ್ಕಿಂಗ್ ಶುಲ್ಕದ ವಿಷಯದಲ್ಲಿ ಇನ್ನೂ ಒಪ್ಪಿಗೆ ಇಲ್ಲ. ನಮ್ಮ ಕಡೆ ಬಸ್ಸೇ ಸರಿಯಾಗಿ ಬರಲ್ಲ, ಗಾಡಿ ಇಲ್ಲದೆ ಕೆಲಸಕ್ಕೆ ಹೋಗುವುದು ಹೇಗೆ? ಅಂಥ ಕಡೆ ಶುಲ್ಕ ಹಾಕಿದರೆ ಅದು ಬರೀ ಹೊರೆ.

ಗಿರಿನಗರ_ನಡಿಗೆ:

ನಿಮ್ಮ ಮಾತು ಸರಿ. ಪಾರ್ಕಿಂಗ್ ಶುಲ್ಕ ಮೆಟ್ರೋ ಇಲ್ಲವೇ ಬಸ್ ಚೆನ್ನಾಗಿರುವ ವಾಣಿಜ್ಯ ರಸ್ತೆಗಳಿಂದ ಶುರುವಾಗಲಿ ಅಂತ ಬರೆಯುತ್ತೇನೆ.

ಪತ್ರದ ಕರಡು ಹೀಗೆ ಬಂದಿದೆ. ನಡಿಗೆ ಮತ್ತು ಸೈಕಲ್‌ಗೆ ಪ್ರತ್ಯೇಕ ಲೆಕ್ಕ ಶೀರ್ಷಿಕೆ, ರಸ್ತೆ ಮತ್ತು ಸಾರಿಗೆ ಹಣದ ಕನಿಷ್ಠ ಶೇ 20, ಗುಂಡಿ ದುರಸ್ತಿ ಹಣ ಮುಟ್ಟಬಾರದು. ಆ ಶೇ 20ರಲ್ಲಿ ಒಂದು ನಿಗದಿತ ಭಾಗ ನಿರ್ವಹಣೆಗೆ ಮಾತ್ರ, ಅದರಲ್ಲಿ ಹೊಸ ಕಾಮಗಾರಿ ಮಾಡುವಂತಿಲ್ಲ. ಕೆಲಸ ಜಂಕ್ಷನ್‌ನಿಂದ ಜಂಕ್ಷನ್‌ಗೆ, ತುಂಡು ಗುತ್ತಿಗೆ ಬೇಡ. ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ಮೆಟ್ರೋ ಸುತ್ತಲಿನ ರಸ್ತೆ ಮೊದಲು. ಅಗೆದವರೇ ಮೊದಲಿದ್ದಂತೆ ಮಾಡಿಕೊಡಬೇಕು, ಅಲ್ಲಿಯವರೆಗೆ ಅವರ ಠೇವಣಿ ಪಾಲಿಕೆಯಲ್ಲೇ ಇರಬೇಕು. ಬೀದಿ ವ್ಯಾಪಾರಿಗಳ ಜಾಗ ನಕ್ಷೆಯಲ್ಲೇ ಇರಬೇಕು. ಬ್ಲಾಕ್ ಬ್ಲಾಕ್ ಆಗಿ ಕೆಲಸ, ಗಡುವು ಮೀರಿದರೆ ದಂಡ, ಅಂಗಡಿಯವರಿಗೆ ಪರಿಹಾರದ ದಾರಿ. ಅಡ್ಡರಸ್ತೆಯಲ್ಲಿ ಫುಟ್‌ಪಾತ್ ಮಟ್ಟ ಇಳಿಸಬಾರದು. ಕೊನೆಯ ಬಿಲ್‌ಗೆ ಮುಂಚೆ ವೀಲ್‌ಚೇರ್ ಪರೀಕ್ಷೆ. ಸೆಸ್, ಪಾರ್ಕಿಂಗ್, ದಂಡದ ಲೆಕ್ಕ ವರ್ಷಕ್ಕೊಮ್ಮೆ ಪ್ರಕಟ.

2021ರಲ್ಲಿ ಬಿಬಿಎಂಪಿ ಪ್ರತಿ ವಾರ್ಡಿಗೆ 60 ಲಕ್ಷ ರೂಪಾಯಿ ಇಟ್ಟು, ವಾರ್ಡ್ ಸಮಿತಿಯಲ್ಲಿ ಚರ್ಚಿಸಿ ಖರ್ಚು ಮಾಡುವ ಕ್ರಮ ತಂದಿತ್ತು. ಫುಟ್‌ಪಾತ್ ಕೂಡ ಅದರಲ್ಲಿತ್ತು. ಹೊಸ ಪಾಲಿಕೆಗಳೂ ಆ ಕ್ರಮ ಮುಂದುವರಿಸಲಿ ಅಂತ ಸೇರಿಸಿದ್ದೇನೆ. ಯಾವ ರಸ್ತೆ ಮೊದಲು ಅಂತ ಅಲ್ಲಿಯ ಜನರಿಗೇ ಚೆನ್ನಾಗಿ ಗೊತ್ತು.

ಅಂಗಡಿ_ಬಸವನಗುಡಿ:

ನಮ್ಮ ಮಾತು ಸೇರಿಸಿದ್ದಕ್ಕೆ ಧನ್ಯವಾದ. ವರ್ತಕರ ಸಂಘದ ಸಭೆಯಲ್ಲಿ ಕರಡನ್ನು ಓದಿಸುತ್ತೇನೆ. ಎಲ್ಲರೂ ಒಪ್ಪುತ್ತಾರೆ ಅಂತ ಹೇಳಲಾರೆ, ಓದಿಸುವುದು ಖಂಡಿತ.

ಪೆನ್ಷನ್_ಮೇಷ್ಟ್ರು:

ತಡವಾಗಿ ಬಂದೆ. ಒಂದು ವಿಷಯ ಬಿಟ್ಟುಹೋಗಿದೆ. ದಾಟುವುದು.

ಫುಟ್‌ಪಾತ್ ಎಷ್ಟೇ ಚೆನ್ನಾಗಿದ್ದರೂ ರಸ್ತೆ ದಾಟಲೇಬೇಕು. 24 ಮೀಟರ್ ಅಗಲದ ರಸ್ತೆ ಅಂದುಕೊಳ್ಳಿ. ಸೆಕೆಂಡಿಗೆ 1.2 ಮೀಟರ್ ನಡೆಯುವ ಆರೋಗ್ಯವಂತನಿಗೆ 20 ಸೆಕೆಂಡ್ ಬೇಕು. ನನ್ನಂಥವನು 0.8 ಮೀಟರ್ ನಡೆದರೆ ಹೆಚ್ಚು, 30 ಸೆಕೆಂಡ್ ಆಗುತ್ತದೆ. ನಮ್ಮ ಮುಖ್ಯ ರಸ್ತೆಯ ಸಿಗ್ನಲ್‌ನಲ್ಲಿ ಅರ್ಧ ದಾಟುವಷ್ಟರಲ್ಲಿ ಗಾಡಿಗಳು ಹಾರ್ನ್ ಹೊಡೆಯಲು ಶುರು ಮಾಡುತ್ತವೆ. ಸ್ಕೈವಾಕ್ ಇದೆಯಲ್ಲ ಅನ್ನುತ್ತಾರೆ. ಲಿಫ್ಟ್ ಕೆಟ್ಟಿರುತ್ತದೆ, ಮೆಟ್ಟಿಲು ಹತ್ತಲು ಈ ಮಂಡಿಗೆ ಆಗುವುದಿಲ್ಲ.

ಸಿಗ್ನಲ್ ಸಮಯ ಬದಲಾಯಿಸಲು ಹಣ ಬಹಳ ಬೇಡ. ನಡುವೆ ನಿಂತುಕೊಳ್ಳಲು ಒಂದು ಸುರಕ್ಷಿತ ಕಟ್ಟೆ, ದಾಟುವ ಜಾಗವನ್ನು ಸ್ವಲ್ಪ ಎತ್ತರಿಸುವುದು, ರಾತ್ರಿ ಅಲ್ಲಿಗೇ ಬೀಳುವ ಒಂದು ದೀಪ. ಇಷ್ಟನ್ನು ಪತ್ರಕ್ಕೆ ಸೇರಿಸಿ.

ಗಿರಿನಗರ_ನಡಿಗೆ:

ಸೇರಿಸಿದೆ ಮೇಷ್ಟ್ರೇ. "ದಾಟುವ ಜಾಗ" ಅಂತ ಬೇರೆ ಪ್ಯಾರಾ ಮಾಡಿದ್ದೇನೆ, ಸೆಕೆಂಡಿನ ಲೆಕ್ಕ ಸಮೇತ. ಸಹಿ ಹಾಕುವವರು ತಮ್ಮ ವಾರ್ಡ್ ಮತ್ತು ಮೊದಲು ಸರಿಯಾಗಬೇಕಾದ ಒಂದು ರಸ್ತೆಯ ಹೆಸರು ಬರೆಯಿರಿ, ಎಲ್ಲಿಂದ ಎಲ್ಲಿಯವರೆಗೆ ಅಂತಲೂ ಹೇಳಿ. ಐದು ಪಾಲಿಕೆಗೂ ಬೇರೆ ಬೇರೆ ಪಟ್ಟಿ ಮಾಡಿ ಕಳಿಸುತ್ತೇನೆ.